ಸೇವಂತಿ ಅಕ್ಕನ ಕಲ್ಲು ಮತ್ತು ನಾಲ್ಕೂ ಅಂಚು ಬಂದ ಹಾಳೆ

ನನ್ನ ಅಕ್ಕ ಸೇವಂತಿ ಇಪ್ಪತ್ತಾರು ವರ್ಷ ರಬ್ಬರ್ ಟ್ಯಾಪಿಂಗ್ ಮಾಡಿದವಳು. ಐವರ್ನಾಡಿನ ನಮ್ಮ ಮನೆಯಿಂದ ಬೆಳಗ್ಗೆ ಬೇಗ ಹೊರಟರೆ ಹತ್ತು ಗಂಟೆಯೊಳಗೆ ಮುನ್ನೂರು ಮರ ಕೆತ್ತಿ ಮುಗಿಸುತ್ತಿದ್ದಳು. ರಬ್ಬರ್ ಮರದ ಸಿಪ್ಪೆಯನ್ನು ಹಾಲು ಬರುವಷ್ಟೇ ಕೆತ್ತಬೇಕು. ಕತ್ತಿ ಒಂದು ಕೂದಲಿನಷ್ಟು ಹೆಚ್ಚು ಹೋಗಿ ಒಳಗಿನ ಮರಕ್ಕೆ ತಾಗಿದರೆ ಅಲ್ಲಿ ಗಂಟು ಕಟ್ಟುತ್ತದೆ, ಮತ್ತೆ ಆ ಜಾಗದಲ್ಲಿ ಸರಿಯಾದ ಸಿಪ್ಪೆ ಬರುವುದಿಲ್ಲ. ನಾನೂ ಅದೇ ಕೆಲಸದವನು. ನಾನು ಕೆತ್ತಿದ ಮರಗಳನ್ನು ದೂರದಿಂದಲೇ ಗುರುತಿಸಬಹುದು, ಮೈತುಂಬ ಗಂಟು. ಅಕ್ಕನ ಮರಗಳಲ್ಲಿ ಒಂದು ಗಾಯ ಹುಡುಕಿದರೂ ಸಿಗುವುದಿಲ್ಲ.

ಮೂರು ವರ್ಷದ ಹಿಂದೆ ಅವಳ ಬಲ ಭುಜ ಮೇಲೆ ಏಳದಂತಾಯಿತು. ಟ್ಯಾಪಿಂಗ್ ನಿಂತಿತು. ಅವಳಿಗೆ ಮದುವೆಯಾಗಿಲ್ಲ, ನಮ್ಮ ಜೊತೆಯೇ ಇರುವುದು. ಅನ್ನಕ್ಕೆ ಕೊರತೆ ಇರಲಿಲ್ಲ. ಆದರೆ ಕೂತಲ್ಲಿ ಅವಳ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಜಗಲಿಯ ಕಟ್ಟೆಯ ಅಂಚನ್ನು ಎಡದಿಂದ ಬಲಕ್ಕೆ ಓರೆಯಾಗಿ ಸವರುತ್ತಾ ಇರುತ್ತಿದ್ದಳು, ಕತ್ತಿ ಎಳೆಯುವ ಹಾಗೆ. ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಸಿಟ್ಟು ಎಂದು ನನಗೇ ಗೊತ್ತಿರಲಿಲ್ಲ.

ಪುತ್ತೂರಿನಲ್ಲಿ ಪ್ರೀತಿಕಾ ಎಂಬವರು ಬೆಳ್ಳಿಯ ಒಡವೆ ಮಾಡಿಸಿ ಮಾರುತ್ತಾರೆ. ಅವರು ಹೆಂಗಸರಿಗೆ ಕಲ್ಲು ಉಜ್ಜುವ ಕೆಲಸ ಕಲಿಸುತ್ತಾರೆ ಎಂದು ನನ್ನ ಮಗಳು ಭವಿತಾ ಕೇಳಿಕೊಂಡು ಬಂದಳು. ಅಕ್ಕ ಹದಿನೈದು ದಿನ ಬಸ್ಸಿನಲ್ಲಿ ಹೋಗಿ ಕಲಿತಳು. ವಜ್ರದ ಹಾಗೆ ಮುಖ ಮುಖ ಕತ್ತರಿಸುವ ಕಲ್ಲಲ್ಲ ಅದು. ತಳ ಚಪ್ಪಟೆ, ಬೆನ್ನು ಉಬ್ಬು, ಅರ್ಧ ಸೀಳಿದ ಹಲಸಿನ ಬೀಜದ ಹಾಗೆ. ಅದಕ್ಕೆ ಕ್ಯಾಬೊಶಾನ್ ಎಂದು ಹೆಸರಂತೆ. ಅಕ್ಕ ಅದನ್ನು ಉಬ್ಬು ಕಲ್ಲು ಎಂದೇ ಕರೆಯುವುದು. ಕೂತು ಮಾಡುವ ಕೆಲಸ, ಭುಜ ಎತ್ತಬೇಕಾಗಿಲ್ಲ. ಮರದ ಸಿಪ್ಪೆ ಕೆತ್ತಿದ ಕೈಗೆ ಕಲ್ಲು ಬೇಗ ಒಲಿಯಿತು. ಹಿಂದಿನ ಕೊಟ್ಟಿಗೆಯಲ್ಲಿ ನೀರು ಬಿಟ್ಟುಕೊಂಡು ಕಲ್ಲು ಉಜ್ಜುವ ಒಂದು ಹಳೆ ಮೆಷಿನ್ ಇಟ್ಟುಕೊಂಡಳು, ಕಟ್ಟೆ ಸವರುವುದು ನಿಂತಿತು.

ಕಳೆದ ವರ್ಷ ಪ್ರೀತಿಕಾ ಒಂದು ಹಸಿರು ಕಲ್ಲಿನ ಹಲಗೆ ಕೊಟ್ಟು ಕಳಿಸಿದರು. ಬಿಸ್ಕತ್ತಿನಷ್ಟು ದಪ್ಪ, ಅಂಗೈಗಿಂತ ಸ್ವಲ್ಪ ದೊಡ್ಡದು, ಒಳಗೆ ಬಿಳಿ ನೂಲಿನಂತಹ ಗೆರೆ. ಯಾರೋ ಗಿರಾಕಿ ತಂದದ್ದು, ಅಂಥದ್ದು ಇನ್ನೊಂದಿಲ್ಲ. ಅದರಲ್ಲಿ ನೀರಿನ ಹನಿಯ ಆಕಾರದ ಹನ್ನೆರಡು ಕಲ್ಲು ಆಗಬೇಕು. ಒಂದು ಹಾರಕ್ಕೆ. ಕಲ್ಲು ಕೂರಿಸುವ ಬೆಳ್ಳಿಯ ಬಟ್ಟಲುಗಳು ಪ್ರೀತಿಕಾರ ಹತ್ತಿರ ಆಗಲೇ ಬಂದಿದ್ದವು.

"ಸೇವಂತಕ್ಕ, ಇದು ಒಂದು ಸರಿಯಾದರೆ ನಿಮಗೆ ತಿಂಗಳು ತಿಂಗಳು ಕೆಲಸ ಉಂಟು," ಎಂದು ಪ್ರೀತಿಕಾ ಫೋನಿನಲ್ಲಿ ಹೇಳಿದರು. "ಹನಿ ಆಕಾರದ ಅಳತೆ ವಾಟ್ಸಾಪಿಗೆ ಹಾಕಿದ್ದೇನೆ. ಪ್ರಿಂಟ್ ತೆಗೆದು ಕತ್ತರಿಸಿ ಕಲ್ಲಿನ ಮೇಲೆ ಇಟ್ಟು ಗೀಟು ಹಾಕಿದರೆ ಆಯ್ತು."

ಪ್ರಿಂಟ್ ತೆಗೆಸುವ ಕೆಲಸ ನನ್ನ ಪಾಲಿಗೆ ಬಂತು. ಸುಳ್ಯದಲ್ಲಿ ಸಾಬಿತ್‌ನ ಅಂಗಡಿಗೆ ಹೋದೆ. ಸಾಬಿತ್ ನನ್ನ ಪ್ರಾಯದವನೇ, ಶಾಲೆಯಲ್ಲಿ ನಾನು ನಾಲ್ಕರಲ್ಲಿ ಬಿಟ್ಟೆ, ಅವನು ಮುಂದೆ ಹೋದ. ಅವನು ತೆಗೆದುಕೊಟ್ಟ ಹಾಳೆಯಲ್ಲಿ ಒಂದಿಷ್ಟು ಹನಿಗಳಿದ್ದವು. ಸುತ್ತ ಚೌಕಟ್ಟಿನ ಗೀಟು ಇತ್ತು, ಬಲಬದಿಯದ್ದು ಕಾಣಲಿಲ್ಲ. ಅಡಿಯಲ್ಲಿ ಏನೋ ಇಂಗ್ಲಿಷ್ ಅಕ್ಷರ ಅರ್ಧಕ್ಕೆ ತುಂಡಾಗಿತ್ತು.

"ಇದರ ಅಂಚು ಎಲ್ಲಿ ಹೋಯ್ತು?" ಎಂದು ಕೇಳಿದೆ.

"ಗೀಟು ಮಾತ್ರ ಹೋದದ್ದು ಅಚ್ಚುತಣ್ಣ. ಚಿತ್ರ ಪೂರ್ತಿ ಉಂಟಲ್ಲ."

"ಚಿತ್ರ ಉಂಟಂತೆ. ಮೊನ್ನೆ ಪಹಣಿಯ ಅಂಚು ತುಂಡಾಗಿದೆ ಅಂತ ತಾಲೂಕು ಆಫೀಸಿನ ಕೌಂಟರಿಂದ ಓಡಿಸಿದ್ದು ನಿನ್ನನ್ನಾ ನನ್ನನ್ನಾ? ಎರಡು ಸಲ ಓಡಿಸಿದ್ರು."

"ಅದು ಪಹಣಿ ಮಾರಾಯ್ರೆ. ಇದು ಎಂತದೋ ಡ್ರಾಯಿಂಗ್."

"ಕಾಗದ ಕಾಗದವೇ. ನಾಲ್ಕೂ ಅಂಚು ಬರ್ಬೇಕು. ಬರ್ಲಿಕ್ಕೆ ಆಗದಿದ್ರೆ ಹೇಳು, ಬೇರೆ ಅಂಗಡಿ ಉಂಟು."

ಸಾಲಿನಲ್ಲಿ ನಿಂತವರು ನನ್ನನ್ನೇ ನೋಡಿದರು. ಸಾಬಿತ್ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಎರಡನೇ ಹಾಳೆ ಬಂತು. ನಾಲ್ಕೂ ಅಂಚು, ಕೆಳಗಿನ ಅಕ್ಷರ, ಅದರ ಅಡಿಯಲ್ಲಿ ಒಂದು ಚಿಕ್ಕ ಅಡ್ಡಗೀಟು, ಎಲ್ಲವೂ ಚಂದಕ್ಕೆ ಬಂದಿದ್ದವು. "ಈಗ ಹೇಗೆ ಬಂತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟೆ. ಮೊದಲಿನ ಹಾಳೆಯನ್ನು ಸೀಟು ಒರೆಸಲಿಕ್ಕೆ ಆದೀತೆಂದು ಸ್ಕೂಟರಿನ ಡಿಕ್ಕಿಗೆ ತುರುಕಿದೆ.

ಅಕ್ಕ ಹಾಳೆಯನ್ನು ಬಹಳ ಹೊತ್ತು ನೋಡಿದಳು. ನಂತರ ಒಂದು ಹನಿಯನ್ನು ಬಿಸ್ಕತ್ತಿನ ಡಬ್ಬದ ತಗಡಿಗೆ ಅಂಟಿಸಿ ಗೀಟಿನ ಮೇಲೆಯೇ ಕತ್ತರಿಸಿದಳು. ರಬ್ಬರ್ ಮರಕ್ಕೆ ಮೊದಲ ಸಲ ಗುರುತು ಹಾಕುವಾಗ ನಾವು ತಗಡಿನ ಅಚ್ಚು ಇಡುತ್ತೇವಲ್ಲ, ಹಾಗೆ. ಕಾಗದ ನೀರಿಗೆ ಒದ್ದೆಯಾಗುತ್ತದೆ, ತಗಡಿಗೆ ಏನೂ ಆಗುವುದಿಲ್ಲ ಎಂದು ಅವಳ ಲೆಕ್ಕ. ಕರೆಂಟಿನ ಅಲ್ಯೂಮಿನಿಯಂ ತಂತಿಯ ತುಂಡನ್ನು ಚೂಪು ಮಾಡಿ ಕಲ್ಲಿನ ಮೇಲೆ ಗುರುತು ಎಳೆದಳು. ಪೆನ್ಸಿಲ್ ಆದರೆ ನೀರಿಗೆ ತೊಳೆದು ಹೋಗುತ್ತದೆ, ಇದು ಹೋಗುವುದಿಲ್ಲ. ಹಲಗೆಯಲ್ಲಿ ಒತ್ತೊತ್ತಾಗಿ ಹದಿನಾಲ್ಕು ಹನಿ ಹಿಡಿದವು. ವಾರದಲ್ಲಿ ಆರು ಕಲ್ಲು ಮುಗಿಸಿದಳು. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಆ ಆರನ್ನು ಹತ್ತಿಯಲ್ಲಿ ಸುತ್ತಿ ನನ್ನ ಕೈಯಲ್ಲಿ ಪುತ್ತೂರಿಗೆ ಕಳಿಸಿದಳು.

ಪ್ರೀತಿಕಾ ಒಂದು ಕಲ್ಲನ್ನು ಬೆಳ್ಳಿಯ ಬಟ್ಟಲಲ್ಲಿಟ್ಟು ಅಲ್ಲಾಡಿಸಿದರು. ಗಲಗಲ ಎಂದಿತು. ಇನ್ನೊಂದು ಇಟ್ಟರು. ಅದೂ ಹಾಗೆಯೇ. ಆರೂ ಹಾಗೆಯೇ.

"ಸಣ್ಣ ಆಗಿದೆಯಲ್ಲ ಅಚ್ಚುತಣ್ಣ," ಎಂದರು.

"ಸಣ್ಣ ಹೇಗೆ ಆಗುದು? ನೀವು ಕೊಟ್ಟ ಅಳತೆಗೇ ಮಾಡಿದ್ದು. ನಿಮ್ಮ ಬಟ್ಟಲೇ ದೊಡ್ಡ."

ಅವರು ಒಂದು ಅಳತೆಯ ಉಪಕರಣ ತೆಗೆದು ಬಟ್ಟಲನ್ನೂ ಕಲ್ಲನ್ನೂ ಅಳೆದು ತೋರಿಸಿದರು. ಬಟ್ಟಲು ಸರಿ ಇತ್ತು. ಕಲ್ಲು ಒಂದು ಮಿಲಿಮೀಟರಿಗಿಂತಲೂ ಜಾಸ್ತಿ ಸಣ್ಣದಿತ್ತು. ನನಗೆ ಆ ಉಪಕರಣದ ಮೇಲೆಯೇ ಸಂಶಯ ಬಂತು. ಹಾಗೆಂದು ಹೇಳಿಯೂ ಬಿಟ್ಟೆ, ಸ್ವಲ್ಪ ಜೋರಾಗಿಯೇ. ಅವರು ಸಿಟ್ಟಾಗಲಿಲ್ಲ. "ಸೇವಂತಕ್ಕನಿಗೆ ಪ್ರಾಯ ಆಯ್ತಲ್ಲ. ಕಣ್ಣಿಗೆ ಸರಿ ಕಾಣುದಿಲ್ಲವೋ ಏನೋ. ಉಳಿದ ಹಲಗೆ ವಾಪಸು ಕಳಿಸ್ಲಿಕ್ಕೆ ಹೇಳಿ," ಎಂದರು. ಸಿಟ್ಟಾಗಿದ್ದರೆ ಎಷ್ಟೋ ಒಳ್ಳೆಯದಿತ್ತು.

ಬಸ್ಸಿನಲ್ಲಿ ತಲೆ ಕೆಟ್ಟುಹೋಯಿತು. ಉಜ್ಜುವಾಗ ಕಲ್ಲು ಸವೆಯುತ್ತದೆ, ಸರಿ. ಆದರೆ ಅಕ್ಕ ಗೀಟಿನವರೆಗೆ ಮಾತ್ರ ಉಜ್ಜುವುದು, ಕಣ್ಣಾರೆ ನೋಡಿದ್ದೇನೆ. ತಗಡು ಕತ್ತರಿಸುವಾಗ ಕತ್ತರಿ ತಿಂದಿತೇ? ತಿಂದರೂ ಅಷ್ಟು ತಿನ್ನುವುದುಂಟೇ? ಅಂಟಿನಿಂದ ಕಾಗದ ಕುಗ್ಗಿತೇ?

ಮನೆಯಲ್ಲಿ ಅಕ್ಕ ನಾನು ವಾಪಸು ತಂದ ಕಲ್ಲುಗಳನ್ನು ಒಂದೊಂದಾಗಿ ತಗಡಿನ ಅಚ್ಚಿನ ಮೇಲಿಟ್ಟು ನೋಡಿದಳು. ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲದೆ ಸರಿ ಕೂತವು.

"ಇಲ್ಲಿ ಸರಿ ಉಂಟು. ಅಲ್ಲಿ ಸರಿ ಇಲ್ಲ," ಎಂದಳು. "ಅವರು ಹೇಳಿದ್ದೇ ಸರಿ ಇರ್ಬೇಕು. ಕಣ್ಣು ಹೋಗಿದೆ. ಕೈಯೂ ಹೋಗಿದೆ."

"ಸುಮ್ಮನೆ ಎಂತದ್ದಾದ್ರೂ ಹೇಳ್ಬೇಡ."

"ನೀನು ಯಾಕೆ ಬೊಬ್ಬೆ ಹೊಡಿಯುದು? ಬೊಬ್ಬೆ ಹೊಡೆದ್ರೆ ಕಲ್ಲು ದೊಡ್ಡ ಆಗ್ತದಾ?"

ಮೆಷಿನಿನ ಮೇಲೆ ಗೋಣಿ ಹೊದಿಸಿದಳು. ಮರುದಿನ ಜಗಲಿಯಲ್ಲಿ ಅವಳ ಹೆಬ್ಬೆರಳು ಮತ್ತೆ ಕಟ್ಟೆಯ ಅಂಚು ಸವರತೊಡಗಿತು.

ನಾಲ್ಕನೇ ದಿನ ಹಲಗೆ ವಾಪಸು ಕೊಡಲು ಕಟ್ಟುವಾಗ ಪ್ರಿಂಟಿನ ಹಾಳೆಯನ್ನೂ ಜೊತೆಗಿಡಬೇಕೆಂದು ತೆಗೆದೆ. ಭವಿತಾ ಅದನ್ನು ಕೈಗೆ ತೆಗೆದುಕೊಂಡು ಅಡಿಯ ಇಂಗ್ಲಿಷ್ ಓದಿದಳು.

"ಅಪ್ಪ, ಇದು ನೋಡಿದ್ದೀರಾ? 'ಈ ಗೀಟು ಸರಿಯಾಗಿ ಐದು ಸೆಂಟಿಮೀಟರ್ ಇರಬೇಕು. ಇಲ್ಲದಿದ್ದರೆ ಈ ಹಾಳೆ ಬಳಸಬೇಡಿ' ಅಂತ ಉಂಟು."

"ಯಾವ ಗೀಟು?"

"ಇದೇ ಅಡ್ಡಗೀಟು."

ಅವಳ ಹಳೆಯ ಸ್ಕೇಲ್ ಹುಡುಕಿ ಇಟ್ಟೆವು. ನಾಲ್ಕು ಸೆಂಟಿಮೀಟರ್, ಮೇಲೆ ಏಳು ಗೆರೆ. ಸ್ಕೇಲ್ ಹಾಳಾಗಿದೆ ಎಂದು ನಾನು ಹೇಳಿದೆ. ಇನ್ನೊಂದು ಸ್ಕೇಲ್ ತಂದಳು. ಅದರಲ್ಲೂ ಅಷ್ಟೇ. ಆಗ ಸ್ಕೂಟರಿನ ಡಿಕ್ಕಿ ನೆನಪಾಯಿತು. ಮುದ್ದೆಯಾಗಿದ್ದ ಮೊದಲ ಹಾಳೆಯನ್ನು ತಂದು ಜಗಲಿಯಲ್ಲಿ ಬಿಡಿಸಿ, ಅಕ್ಕನ ತಗಡಿನ ಅಚ್ಚನ್ನು ಅದರ ಹನಿಯ ಮೇಲೆ ಇಟ್ಟೆ. ಸುತ್ತಲೂ ಕಾಗದದ ಗೀಟು ಹೊರಗೆ ಕಾಣುತ್ತಿತ್ತು.

ಒಂದೇ ಅಂಗಡಿ, ಒಂದೇ ಮೆಷಿನ್, ಒಂದೇ ದಿನ. ಒಂದು ಹನಿ ದೊಡ್ಡದು, ಒಂದು ಚಿಕ್ಕದು. ನನಗೆ ತಲೆಬುಡ ಗೊತ್ತಾಗಲಿಲ್ಲ. ಭವಿತಾ ಹೇಳಿದಳು, "ಹಾಳೆಯ ಅಂಚು ಹೋಗ್ಬಾರದು ಅಂತ ಇಡೀ ಚಿತ್ರವನ್ನೇ ಕಂಪ್ಯೂಟರ್ ಸ್ವಲ್ಪ ಕುಗ್ಗಿಸ್ತದೆ ಅಪ್ಪ. ಪಹಣಿ ಆದ್ರೆ ತೊಂದರೆ ಇಲ್ಲ, ಓದ್ಲಿಕ್ಕೆ ಆಗ್ತದೆ. ಅಳತೆಯ ಚಿತ್ರ ಆದ್ರೆ ಹೋಯ್ತು. ಎರಡನೇದು ತೆಗಿಲಿಕ್ಕೆ ಯಾರು ಹೇಳಿದ್ದು?"

ಅಕ್ಕ ನನ್ನ ಮುಖ ನೋಡಿದಳು.

"ನೀನು ಅಲ್ಲಿ ಎಂತ ಮಾಡಿದ್ದು, ಅಚ್ಚುತ?"

"ನಾಲ್ಕೂ ಅಂಚು ಬರ್ಬೇಕು ಅಂದೆ."

"ಮೆಲ್ಲ ಹೇಳಿದ್ದಾ, ಬೊಬ್ಬೆ ಹೊಡೆದದ್ದಾ?"

"ಬೊಬ್ಬೆ ಹೊಡೆದದ್ದು."

ಬೈಯುತ್ತಾಳೆ ಎಂದುಕೊಂಡೆ. ಅವಳು ಮೊದಲ ಹಾಳೆಯನ್ನು ಮೊಣಕಾಲಿನ ಮೇಲಿಟ್ಟು ಅಂಗೈಯಿಂದ ಸುಕ್ಕು ತೆಗೆಯುತ್ತಿದ್ದಳು.

"ಹಾಗಾದ್ರೆ ನನ್ನ ಕೈ ಸರಿ ಉಂಟು," ಎಂದಳು.

ಪ್ರೀತಿಕಾರಿಗೆ ಫೋನ್ ಮಾಡುವ ಕೆಲಸ ನನ್ನದೇ ಆಯಿತು. ತಪ್ಪು ನನ್ನದು ಎನ್ನಲು ನಾಲಗೆ ಸುಲಭಕ್ಕೆ ತಿರುಗಲಿಲ್ಲ. ಮೊದಲು ಸಾಬಿತ್‌ನ ಹೆಸರು ಹೇಳಿದೆ, ಅಕ್ಕ ಎದುರಿಗೇ ನಿಂತಿದ್ದಳು, ಮತ್ತೆ ಸರಿಯಾದದ್ದನ್ನು ಹೇಳಿದೆ. ಪ್ರೀತಿಕಾ ಕೇಳಿದರು,

"ಉಳಿದ ಹಲಗೆಯಲ್ಲಿ ಸರಿ ಅಳತೆಯದ್ದು ಎಷ್ಟು ಆಗ್ತದೆ?"

ಅಕ್ಕ ಆಗಲೇ ಹೊಸ ತಗಡು ಕತ್ತರಿಸಿ ಇಟ್ಟು ನೋಡಿದ್ದಳು. ಹನ್ನೆರಡು ಬೇಕಾದಲ್ಲಿ ಬರೇ ಏಳು. ಫೋನ್ ಕಿತ್ತುಕೊಂಡು ಅವಳೇ ಹೇಳಿದಳು, "ಏಳು ಆಗ್ತದೆ. ಸಣ್ಣದ್ದು ಆರು ಹೇಗೂ ಉಂಟು. ನಡುವಿಗೆ ದೊಡ್ಡದ್ದು ಏಳು, ಬದಿಗೆ ಮೂರು ಮೂರು ಸಣ್ಣದ್ದು ಇಟ್ರೆ ಹಾರ ಮೇಲಕ್ಕೆ ಹೋದ ಹಾಗೆ ಕಲ್ಲು ಸಣ್ಣ ಆಗ್ತದೆ. ಗಿರಾಕಿಯತ್ರ ಒಮ್ಮೆ ಕೇಳಿ ನೋಡಿ. ಬೇಡ ಅಂದ್ರೆ ಹಲಗೆ ಕಳಿಸ್ತೇನೆ."

ಎರಡು ದಿನ ಉತ್ತರ ಬರಲಿಲ್ಲ. ಆ ಎರಡು ದಿನವೂ ಅಕ್ಕ ಮೆಷಿನಿನ ಗೋಣಿ ತೆಗೆದಿಟ್ಟು, ಕಲ್ಲು ಮುಟ್ಟದೆ ಪಕ್ಕದಲ್ಲಿ ಕೂತಿದ್ದಳು. ಮೂರನೇ ದಿನ ಪ್ರೀತಿಕಾ ಅವಳಿಗೇ ಫೋನ್ ಮಾಡಿದರು. ಗಿರಾಕಿ ಒಪ್ಪಿದ್ದರು. ಸಣ್ಣ ಕಲ್ಲಿಗೆ ಆರು ಬಟ್ಟಲು ಅಲ್ಲಿಯ ಆಚಾರಿಯ ಕೈಯಲ್ಲಿ ಮಾಡಿಸುತ್ತಾರಂತೆ. ಅಕ್ಕ ಫೋನ್ ಇಟ್ಟ ಕೂಡಲೇ ನೀರಿನ ನಳ್ಳಿ ತಿರುಗಿಸಿ ಮೆಷಿನ್ ಹಾಕಿದಳು.

ಈಗ ಅವಳಿಗೆ ತಿಂಗಳು ತಿಂಗಳು ಕೆಲಸ ಉಂಟು. ಆದರೆ ಅಳತೆಯ ಚಿತ್ರ ವಾಟ್ಸಾಪಿನಲ್ಲಿ ಬರುವುದಿಲ್ಲ. ಪ್ರೀತಿಕಾ ತಾವೇ ಪ್ರಿಂಟ್ ತೆಗೆದು, ಅಳೆದು, ಮಡಚದೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಾರೆ. ರಸ್ತೆಗೆ ಹೋಗಿ ಅದನ್ನು ತರುವುದು ನಾನು. ತಂದ ಕೂಡಲೇ ಅಕ್ಕ ಸ್ಕೇಲ್ ಕೊಟ್ಟು ನನ್ನಿಂದಲೇ ಆ ಅಡ್ಡಗೀಟನ್ನು ಅಳೆಸುತ್ತಾಳೆ. ಐದು ಇದ್ದರೆ ಇದೆ ಎನ್ನುತ್ತೇನೆ. ಒಂದು ಹಾಳೆಯ ಅಂಚು ಉಳಿಸಲು ಹೋದರೆ ಒಳಗಿರುವುದೆಲ್ಲ ಯಾಕೆ ಸಣ್ಣದಾಗಬೇಕು, ಸಣ್ಣದಾದರೆ ಹಾಗೆಂದು ಆ ಪ್ರಿಂಟಿನ ಮೆಷಿನ್ ಯಾಕೆ ಒಂದು ಮಾತು ಹೇಳುವುದಿಲ್ಲ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.