ಮಡಚಿದ ನಕ್ಷೆಯ ನೀಲಿ ಗೆರೆ

ಅಕ್ಕನ ಹೊಸ ಮನೆಗೆ ಸಂಪು ತೋಡುವಾಗ ನಾಲ್ಕೇ ಅಡಿಗೆ ನೀರು ಬಂತು. ಉದಯಗಿರಿಯಿಂದ ಬಂದಿದ್ದ ಕೆಲಸದವರು ಗುದ್ದಲಿ ಬದಿಗಿಟ್ಟು ನಕ್ಕರು. ಅಕ್ಕ ಅರಿಸಿನ, ಕುಂಕುಮ, ಹೂವು ತಂದು ಗುಂಡಿಯ ಅಂಚಿನಲ್ಲಿ ಕೂತು ಪೂಜೆ ಮಾಡಿದಳು. "ಗಂಗಮ್ಮ ತಾನಾಗೇ ಬಂದ್ಬುಟ್ಲು ಕಣೋ," ಎಂದು ನನ್ನ ಕೈಗೆ ಬೆಲ್ಲದ ಚೂರು ಇಟ್ಟಳು. ನಮ್ಮಲ್ಲಿ ನೆಲದಿಂದ ನೀರು ಬಂದರೆ ಯಾರೂ ಹೆದರುವುದಿಲ್ಲ. ನಾನು ಹೆದರಿದೆ. ಬೆಲ್ಲ ಬಾಯಿಗೆ ಹಾಕಿಕೊಂಡೆ.

ಊರು ಬೆಳೆಯುವ ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ನಾನು ನಿವೃತ್ತಿಯವರೆಗೂ ಟ್ರೇಸರ್ ಆಗಿದ್ದವನು. ಸುತ್ತಲಿನ ಹಳ್ಳಿಗಳ ಹಳೆಯ ನಕ್ಷೆಗಳು ಬರುತ್ತಿದ್ದವು, ಬೆನ್ನಿಗೆ ಬಟ್ಟೆ ಅಂಟಿಸಿ ಮಡಚಿಟ್ಟವು. ಅವುಗಳ ಮೇಲೆ ತೆಳು ಕಾಗದ ಹಾಸಿ ಗೆರೆಗಳನ್ನು ಇಂಕಿನಲ್ಲಿ ಎತ್ತಿಕೊಳ್ಳುವುದು ನನ್ನ ಕೆಲಸ. ನಾನು ಎತ್ತಿಕೊಂಡದ್ದರ ಮೇಲೆ ದೊಡ್ಡವರು ರಸ್ತೆ, ಪಾರ್ಕು, ಸೈಟು ಕೂರಿಸುತ್ತಿದ್ದರು. ನಾನು ಬಿಟ್ಟದ್ದು ಆಮೇಲೆ ಈ ಊರಿನಲ್ಲಿ ಇರುತ್ತಲೇ ಇರಲಿಲ್ಲ. ನನ್ನಷ್ಟು ಚೊಕ್ಕವಾಗಿ ಗೆರೆ ಎಳೆಯುವವರು ಇನ್ನೊಬ್ಬರಿಲ್ಲ ಎಂದು ಜಂಭ ಬೇರೆ ಕೊಚ್ಚಿಕೊಳ್ಳುತ್ತಿದ್ದೆ.

ಅಕ್ಕನ ಮನೆಯಿರುವ ಲೇಔಟು ಆಗ ರಾಗಿ ಹೊಲ, ಅದರ ಮೇಲ್ಗಡೆ ಕೆರೆ. ಕೆರೆ ತುಂಬಿದಾಗ ಹೆಚ್ಚಿನ ನೀರು ಕೋಡಿಯಲ್ಲಿ ಹೊರಬಿದ್ದು ಯಾವುದಾದರೂ ಹಳ್ಳ ಹಿಡಿದು ಹೋಗಲೇಬೇಕು. ಆ ಜಾಗದ ನಕ್ಷೆ ನನ್ನ ಮೇಜಿಗೆ ಬಂದಾಗ ಅದರಲ್ಲಿ ಹಳ್ಳ ಹುಡುಕಿದೆ, ಕಾಣಲಿಲ್ಲ. ಕೋಡಿಯಿಂದ ಕೆಳಕ್ಕೆ ಕಾಗದ ಮಡಚಿ ಮಡಚಿ ಸವೆದ ಗುರುತೊಂದಿತ್ತು. ಆ ಸವೆತದಲ್ಲಿ ತುಸು ನೀಲಿ ಇತ್ತು. ಯಾರದೋ ಇಂಕು ಒಸರಿದೆ ಎಂದುಕೊಂಡೆ. ಸೈಕಲ್ ಹತ್ತಿ ಹೋಗಿ ಹೊಲ ನೋಡಿ ಬರಬಹುದಿತ್ತು. ಬಿಸಿಲು ಜೋರಾಗಿತ್ತು, ಹೋಗಲಿಲ್ಲ. ಮಡಚಿದ ಗುರುತನ್ನು ಯಾವ ಟ್ರೇಸರ್ ಎತ್ತಿಕೊಳ್ಳುತ್ತಾನೆ? ಬಿಟ್ಟೆ. ಮರೆತೂಬಿಟ್ಟೆ.

ಸಂಪಿನ ನೀರು ಕಂಡಾಗಲೇ ಆ ನೀಲಿ ನೆನಪಾದದ್ದು. ಅದು ಒಸರಿದ ಇಂಕಲ್ಲ, ಮಡಿಕೆಯಲ್ಲಿ ಸವೆದುಹೋಗಿದ್ದ ಹಳ್ಳದ ಗೆರೆ. ಅಷ್ಟರಲ್ಲಿ ಪಾಯ ಹಾಕಿಯಾಗಿತ್ತು. ಶಾಲೆಯಲ್ಲಿ ಪಾಠ ಹೇಳುತ್ತ, ಅಗ್ರಹಾರದ ವಠಾರದ ಒಂದೇ ನಲ್ಲಿಗೆ ಸರದಿ ಕಾಯುತ್ತ ಬದುಕು ಕಳೆದವಳು ಅಕ್ಕ. ಸ್ವಂತ ಮನೆಯೊಂದೇ ಅವಳ ಆಸೆ. ಈಗ ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಶುದ್ಧ ಹೇಡಿತನ.

ಮೊದಲ ಮಳೆಗಾಲದಲ್ಲಿ ಹಾಲಿನ ಗೋಡೆ ಬುಡದಲ್ಲಿ ತೇವವಾಯಿತು. ಅಕ್ಕ ಪೇಂಟಿನವನನ್ನು ಬೈದಳು. ಮರುವರ್ಷ ತೇವ ಮೊಣಕಾಲೆತ್ತರಕ್ಕೆ ಏರಿತು. ಮೇಲ್ಗಡೆ ಕೆರೆಯ ಸುತ್ತ ಅಪಾರ್ಟ್‌ಮೆಂಟುಗಳು ಎದ್ದವು, ಮಣ್ಣಿನ ದಾರಿಗಳೆಲ್ಲ ಕಾಂಕ್ರೀಟಾದವು, ಎಲ್ಲೆಲ್ಲಿಯದೋ ಮಳೆನೀರು ಕೆರೆಗೇ ಬಂದು ಬೀಳತೊಡಗಿತು. ಕಳೆದ ವಾರ ನೋಡಲು ಹೋಗಿದ್ದೆ. ನೀರು ಕೋಡಿಗೆ ಒಂದು ಗೇಣು ಕೆಳಗಿತ್ತು. ಜನ ಕೆರೆ ತುಂಬಿತೆಂದು ಫೋಟೋ ತೆಗೆದುಕೊಳ್ಳುತ್ತಿದ್ದರು. ಬೆಟ್ಟದ ಕಡೆ ಮೋಡ ಕಟ್ಟಿತ್ತು. ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆ.

ಅವಳು ಸೊಪ್ಪು ಬಿಡಿಸುತ್ತಿದ್ದಳು. ಎಲ್ಲ ಹೇಳಿದೆ. ಅವಳು ಸೊಪ್ಪಿನಿಂದ ತಲೆ ಎತ್ತದೆಯೇ ಹೇಳಿದಳು:

"ಸೈಟ್ ತಗೊಳೋವಾಗ ನಕ್ಷೆ ತೋರಿಸಿದ್ರು. ಅದ್ರಲ್ಲಿ ನಿನ್ ಅಕ್ಷರ ನೋಡ್ದೆ ಕಣೋ. ನನ್ ತಮ್ಮ ಬರ್ದಿರೋದು, ತಪ್ಪಿರಲ್ಲ ಅಂದ್ಕೊಂಡೇ ರುಜು ಹಾಕ್ದೆ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಎದ್ದು ಹೋಗಿ, ಶಾಲೆ ಬಿಟ್ಟರೂ ಬಿಡದೆ ಇಟ್ಟುಕೊಂಡಿದ್ದ ಸೀಮೆಸುಣ್ಣದ ಡಬ್ಬಿ ತಂದಳು. "ಹಳ್ಳ ಎಲ್ಲಿ ಹೋಗತ್ತೆ, ಬರೆದು ತೋರ್ಸು."

ಮಂಡಿಯೂರಿ ನೆಲದ ಮೇಲೆ ಎಳೆದೆ. ಗೇಟಿನಿಂದ ಸಂಪಿನ ಪಕ್ಕಕ್ಕೆ, ಹಾಲಿಗೆ, ಅವಳ ಮಂಚದ ಕೆಳಗೆ, ಅಡುಗೆಮನೆ ದಾಟಿ ಹಿತ್ತಲ ಕಾಂಪೌಂಡಿನವರೆಗೆ. ಗೆರೆ ಎಂದಿನಷ್ಟೇ ಚೊಕ್ಕವಾಗಿ ಬಂತು. ಅದಕ್ಕೆ ನಾಚಿಕೆಯಾಯಿತು.

"ಕಾಂಪೌಂಡಿಗೆ ನಿಲ್ಲಿಸ್ಬುಟ್ಯಲ್ಲ," ಎಂದಳು ಅಕ್ಕ. "ಹಳ್ಳ ಅಲ್ಲಿಗೆ ನಿಲ್ಲತ್ತಾ?"

ಕಾಂಪೌಂಡಿನಾಚೆ ಖಾಲಿಯಿದ್ದ ಸೈಟಿನಲ್ಲಿ ಹೊಸಬರು ಮನೆ ಶುರುಮಾಡಿದ್ದರು. ನಾನು ಬಂದಾಗಿನಿಂದ ಕೇಳುತ್ತಿದ್ದ ಗುದ್ದಲಿಯ ಸದ್ದು ನಿಂತಿತು. ಗೋಡೆಯ ಮೇಲೆ ಆ ಮನೆಯಾಕೆಯ ಮುಖ ಕಾಣಿಸಿತು, ಹಿಗ್ಗಿ ಹೋಗಿತ್ತು.

"ಮೇಡಮ್ಮೋರೇ, ಒಸಿ ಅರಿಸಿನ ಕುಂಕುಮ ಕೊಡ್ತೀರಾ? ನಮ್ಗೂ ನೀರು ಬಂದ್ಬುಡ್ತು!"

ಅಕ್ಕ ದೇವರ ಗೂಡಿನಿಂದ ಬಟ್ಟಲು ತಂದು ನನ್ನ ಮುಂದೆ ಹಿಡಿದಳು. "ಹೋಗು. ನೀನೇ ಕೊಟ್ಟು ಬಾ."

ಬಟ್ಟಲು ತೆಗೆದುಕೊಳ್ಳಲು ಸೀಮೆಸುಣ್ಣ ಕೆಳಗಿಡಹೋದೆ.

"ಅದನ್ನೂ ತಗೊಂಡ್ಹೋಗು," ಎಂದಳು.