ಅತ್ತೆಯ ಬೆನ್ನು

ಹನ್ನೆರಡು ವರ್ಷ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಿದವಳನ್ನು ಜನ ಸ್ಟ್ರೆಚರಕ್ಕ ಅನ್ನದೆ ಇನ್ನೇನು ಅಂದಾರು? ಆ ಹೆಸರಿಗೆ ಅವಳು ಬೇಸರಪಟ್ಟವಳೂ ಅಲ್ಲ. ಆದರೆ ಮೂವತ್ತನಾಲ್ಕನೆಯ ವಯಸ್ಸಿಗೆ ಫಿಜಿಷಿಯನ್ ಅಸಿಸ್ಟೆಂಟ್ ಕೋರ್ಸಿಗೆ ಸೇರುತ್ತೇನೆಂದಾಗ ವಾರ್ಡಿಗೆ ವಾರ್ಡೇ ಮುಸಿಮುಸಿ ನಕ್ಕಿತು. ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಇದೆಂಥ ಕೆಲಸ? ರೋಗಿಯನ್ನು ಕೂರಿಸಿ ಕೇಳುವುದು, ಮುಟ್ಟಿ ನೋಡುವುದು, ಕಂಡದ್ದನ್ನು ಬರೆದು ಡಾಕ್ಟರ ಮುಂದಿಡುವುದು, ಅವರ ಜವಾಬ್ದಾರಿಯಲ್ಲಿ ಚಿಕಿತ್ಸೆಗೆ ಕೈಹಾಕುವುದು. ಬೆಳಗಾದರೆ ಅದನ್ನೇ ನೋಡುತ್ತಿದ್ದವಳಿಗೆ ಇದು ತನ್ನಿಂದಲೂ ಆಗುತ್ತದೆ ಅನ್ನಿಸಿಬಿಟ್ಟಿತ್ತು. ಅನ್ನಿಸಿದ ಮೇಲೆ ಬಿಡುವ ಜಾಯಮಾನ ಅವಳದಲ್ಲ.

ಮೂರು ವರ್ಷ ಪಾಠ, ಒಂದು ವರ್ಷ ವಾರ್ಡಿನಲ್ಲಿ ತರಬೇತಿ. ಮೂಳೆಗಳ ಹೆಸರನ್ನು ಪಾತ್ರೆ ತೊಳೆಯುತ್ತಲೇ ಉರುಹೊಡೆದಳು. ಬರೆಯುವ ಪರೀಕ್ಷೆಗಳನ್ನು ಸಲೀಸಾಗಿ ದಾಟಿದವಳು ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಎಡವಿದಳು. ಎದುರಿಗೆ ಕೆಮ್ಮುವ ರೋಗಿ. "ಏನ್ ಮಾಡ್ತೀರಿ?" ಅಂದರು ಪರೀಕ್ಷಕಿ.

"ಡಾಕ್ಟರನ್ನ ಕರೀತೀನಿ ಮೇಡಂ."

ಹನ್ನೆರಡು ವರ್ಷ ಅದೊಂದೇ ಸರಿಯುತ್ತರವಾಗಿತ್ತಲ್ಲ, ಪಾಪ, ತಾನಾಗಿ ಬಾಯಿಗೆ ಬಂತು. ರೋಗಿಯನ್ನು ಮುಟ್ಟದೆಯೇ ಫೇಲಾಗಿ ಮನೆಗೆ ಬಂದಳು. ಆರು ತಿಂಗಳಾದ ಮೇಲೆ ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ನಾಲ್ಕು ವರ್ಷ ಮಣ್ಣುಪಾಲು, ಮತ್ತೆ ಅದೇ ಸ್ಟ್ರೆಚರ್.

ಮರುದಿನದಿಂದಲೇ, ಗಂಡ ಬಸ್ಸಿನ ಡ್ಯೂಟಿಗೆ ಹೊರಟ ಮೇಲೆ, ಅತ್ತೆಯನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದಳು. ನಾಡಿ ಹಿಡಿದಳು, ಉಸಿರು ಎಣಿಸಿದಳು. ಎಡಗೈ ಬೆರಳನ್ನು ಬೆನ್ನಿಗೆ ಒತ್ತಿ, ಬಲಗೈ ಬೆರಳಿಂದ ಅದರ ಮೇಲೆ ಟಕಟಕ ತಟ್ಟಿ, ಏಳುವ ಸದ್ದಿಗೆ ಕಿವಿಗೊಟ್ಟಳು.

"ನನ್ನ ಬೆನ್ನೇನು ಬಾಗಿಲಾ, ಹೀಗೆ ತಟ್ಟೋಕೆ?" ಅತ್ತೆ ಗೊಣಗಿದರು. "ಒಳಗೆ ಯಾರೂ ಇಲ್ಲ, ಹೋಗು."

"ಅಲ್ಲಾಡ್ಬೇಡಿ ಅತ್ತೆ. ಎಷ್ಟು ದಿನದಿಂದ ಉಸಿರಾಟದ ತೊಂದ್ರೆ?"

"ನೀನು ಫೇಲಾದ ದಿನದಿಂದ."

ಬಾಯಿ ಹಾಗೆ, ಆದರೆ ಅತ್ತೆ ಒಂದು ದಿನವೂ ಸ್ಟೂಲು ತಪ್ಪಿಸಲಿಲ್ಲ. ಆರು ತಿಂಗಳಲ್ಲಿ ಆ ಬೆನ್ನಿನ ಟೊಳ್ಳು ಸದ್ದು ಸೊಸೆಯ ಬೆರಳಿಗೇ ಅಂಟಿಕೊಂಡಿತು.

ಎರಡನೆಯ ಸಲವೂ ಅದೇ ಪರೀಕ್ಷಕಿ. ಈ ಬಾರಿಯ ರೋಗಿಗೆ ನಾಲ್ಕು ಮಾತಾಡುವಷ್ಟರಲ್ಲಿ ಏದುಸಿರು. ಸ್ಟ್ರೆಚರಕ್ಕ ನಾಲಿಗೆಯ ತುದಿಗೆ ಬಂದ ಹಳೆಯ ಮಾತನ್ನು ನುಂಗಿ, ರೋಗಿಯನ್ನು ನೆಟ್ಟಗೆ ಕೂರಿಸಿ, ಕೇಳಬೇಕಾದ್ದನ್ನೆಲ್ಲ ಕೇಳಿದಳು. ಆಮೇಲೆ ಬೆನ್ನು ತಟ್ಟಿದಳು. ಎಡಗಡೆ ಅತ್ತೆಯ ಬೆನ್ನಿನದೇ ಸದ್ದು. ಬಲಗಡೆ ಕೆಳಗೆ ಹಾಗಿರಲಿಲ್ಲ. ಗೋಡೆ ತಟ್ಟಿದಂತೆ ಸದ್ದು ಸತ್ತಿತ್ತು. ಮತ್ತೆ ತಟ್ಟಿ ನೋಡಿದಳು, ಸಂಶಯವೇ ಇಲ್ಲ.

"ಬಲಗಡೆ ಶ್ವಾಸಕೋಶದ ಸುತ್ತ ನೀರು ತುಂಬಿರೋ ಹಾಗಿದೆ ಮೇಡಂ. ನಿಮಿಷಕ್ಕೆ ಮೂವತ್ತು ಸಲ ಉಸಿರು ತಗೋತಿದ್ದಾರೆ. ಆಕ್ಸಿಜನ್ ಹಾಕ್ತೀನಿ. ನೀರು ತೆಗೆಯೋ ತೀರ್ಮಾನ ನಂದಲ್ಲ. ಡಾಕ್ಟರನ್ನ ಕರೀತೀನಿ, ಈಗ್ಲೇ."

ಪರೀಕ್ಷಕಿ ಕನ್ನಡಕ ಸರಿಸಿ ನೋಡಿದರು. "ಹೋದ ಸಲವೂ ಇದನ್ನೇ ಹೇಳಿದ್ರಲ್ಲ?"

"ಆಗ ಹೆದರಿ ಹೇಳಿದ್ದೆ ಮೇಡಂ. ಈಗ ನೋಡಿ ಹೇಳ್ತಿದ್ದೀನಿ."

ಸಂಜೆ ಮನೆಗೆ ಬಂದಾಗ ಅತ್ತೆ ಸ್ಟೂಲಿನ ಮೇಲೇ ಕೂತಿದ್ದರು. "ಪಾಸಾದೆ ಅತ್ತೆ" ಅಂದಳು. ಅವರು ಶಾಲು ತೆಗೆದು, ಬೆನ್ನು ತಿರುಗಿಸಿದರು. ಸ್ಟ್ರೆಚರಕ್ಕ ಬೆರಳಿಟ್ಟು ಮೆಲ್ಲಗೆ ತಟ್ಟಿದಳು.

"ಒಳಗೆ ಯಾರಾದ್ರೂ ಇದ್ದಾರಾ?" ಅತ್ತೆ ಕೇಳಿದರು.

"ನೀವೇ ಇದ್ದೀರಲ್ಲ, ಅತ್ತೆ."