ಖಾಲಿ ಟ್ಯಾಂಕಿನ ತೂಕ

ನಾರಾಯಣಪೇಟೆಯ ಅಕ್ಕಸಾಲಿ ಪತ್ತಾರರ ಕೆನ್ನೆಗಳೆರಡೂ ಜೋತುಬಿದ್ದಿದ್ದವು. ಐವತ್ತು ವರ್ಷ ಊದುಗೊಳವೆಗೆ ಉಸಿರು ಕೊಟ್ಟ ಕೆನ್ನೆಗಳು. ಬಂಗಾರ ಬೆಸೆಯಲು ಊದುವಾಗ ಮಾತ್ರ ಅವು ಉಬ್ಬಿ, ಮುದುಕರ ಮುಖಕ್ಕೆ ಪ್ರಾಯ ಬರುತ್ತಿತ್ತು.

ನಾನು ಮಕ್ತಲ್‌ನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ರಿಮೋಟಿನಿಂದ ವಿಮಾನ ಹಾರಿಸುವುದು ನನ್ನ ಹುಚ್ಚು. ಆಟಿಕೆಯಲ್ಲ ಮತ್ತೆ, ಒಂಬತ್ತು ಅಡಿ ರೆಕ್ಕೆ, ಪೆಟ್ರೋಲ್ ಎಂಜಿನ್, ಆಕಾಶದಲ್ಲಿ ಪಲ್ಟಿ ಹೊಡೆಯುವ ವಿಮಾನ. ಎರಡು ವರ್ಷ ಕೂತು ಕಟ್ಟಿದ್ದೆ. ಸದ್ದು ಜಾಸ್ತಿಯೆಂದು ವಿಮಾನದ ಮೂಗಿನ ಕೆಳಗಿದ್ದ ಸೈಲೆನ್ಸರ್ ತೆಗೆದು, ಹೊಟ್ಟೆಯೊಳಗೆ ಉದ್ದನೆಯದೊಂದನ್ನು ಕೂರಿಸಿದೆ. ಎಂಜಿನ್ ಚಾಲೂ ಮಾಡಿದ ಮೊದಲ ದಿನವೇ, ಎಂಜಿನ್ನಿನಿಂದ ಅದಕ್ಕೆ ಹೋಗುವ ಹೊಗೆ ಕೊಳವೆಯ ಬೆಸುಗೆ ಬಿರಿಯಿತು. ಅಷ್ಟು ತೆಳು ಕೊಳವೆಗೆ ಬೆಳ್ಳಿ ಬೆಸುಗೆಯೇ ಸರಿಯೆಂದು ಪತ್ತಾರರ ಬಳಿ ಒಯ್ದೆ.

ಬೆಸೆದರು, ಆದರೆ ಕೈಗೆ ಕೊಡಲಿಲ್ಲ. "ಎರಡೂ ಕಡೆ ಬಿಗಿ ಹಿಡಿದೀರೇನ್ರಿ?" ಎಂದರು. ಹೌದೆಂದೆ. "ಅದಕ್ಕ ಒಡದೈತಿ. ಕೊಳ್ಳಾಗಿನ ಸರದಾಗ ಕೊಂಡಿಗೆ ಕೊಂಡಿ ಆಡತಾವ, ಅದಕ್ಕ ಮುರಿಯಂಗಿಲ್ಲ. ಎಂಜಿನ್ ನಡುಗಿದ್ರ ಇದೂ ಆಡಬೇಕ್ರಿ."

ನಡುವೆ ಕಾವು ತಡೆಯುವ ರಬ್ಬರಿನ ಜೋಡಣೆ ಹಾಕಿದೆ. ಮತ್ತೆ ಬಿರಿಯಲಿಲ್ಲ.

ಮುಂದಿನ ಭಾನುವಾರ ವಿಮಾನ ನೋಡಲು ಅವರೇ ಬಸ್ಸು ಹತ್ತಿ ಮಕ್ತಲ್‌ಗೆ ಬಂದರು. ಸೈಲೆನ್ಸರ್ ಹಿಂದೆ ಸರಿದು ಬಾಲ ಭಾರವಾಗಿತ್ತು. ನಾನು ಬ್ಯಾಟರಿಗಳನ್ನು ಮುಂದಕ್ಕೆ ಸರಿಸಿ, ವಿಮಾನವನ್ನು ಜಂತಿಗೆ ತೂಗುಹಾಕಿದ್ದೆ. ಮೂಗು, ಬಾಲ ಒಂದೇ ಮಟ್ಟಕ್ಕಿದ್ದವು. ನಾನು ಬೀಗುತ್ತ ನಿಂತಿದ್ದೆ.

ಅವರು ಮುಂಭಾಗದ ಟ್ಯಾಂಕನ್ನು ಬೆರಳಿನಿಂದ ತಟ್ಟಿದರು. "ಇದರಾಗ ಏನೈತ್ರಿ?"

"ಪೆಟ್ರೋಲ್. ಫುಲ್ ಐತಿ."

"ಅರಗು ತುಂಬಿದ ಗುಂಡಿನ ಸರ ತೂಗಿ, ಇಷ್ಟೂ ಬಂಗಾರ ಅಂತೀರೇನ್ರಿ? ಖಾಲಿ ಮಾಡ್ರಿ."

ನನಗೇ ಪಾಠ ಹೇಳಲು ಬಂದರಲ್ಲ ಎಂದು ಮೈ ಉರಿಯಿತು. ಮುಖ ಗಂಟಿಕ್ಕಿಕೊಂಡೇ ಪೆಟ್ರೋಲ್ ತೆಗೆದೆ. ಬಾಲ ಮೆಲ್ಲಗೆ ಕೆಳಗಿಳಿಯಿತು. ಹಾಗೇ ಹಾರಿಸಿದ್ದರೆ ಪೆಟ್ರೋಲ್ ತೀರುತ್ತ ಬಂದಂತೆ ಬಾಲ ಭಾರವಾಗಿ, ಇಳಿಸುವ ಹೊತ್ತಿಗೆ ವಿಮಾನ ನನ್ನ ಮಾತು ಕೇಳುತ್ತಿರಲಿಲ್ಲ. ಎರಡು ವರ್ಷದ ಕೆಲಸ ನುಚ್ಚುನೂರಾಗುತ್ತಿತ್ತು. ಮೂಗಿಗೆ ಕಟ್ಟಲು ಸೀಸದ ಗಟ್ಟಿ ಎತ್ತಿಕೊಂಡರೆ ಕೈ ಹಿಡಿದರು: "ಪತ್ತಾರನ ಮುಂದ ಸೀಸ ಕೂಡಸಬ್ಯಾಡ್ರಿ, ಸೀಸ ಕೂಡಿದ್ರ ಬಂಗಾರ ಕೆಡತೈತಿ. ಇದ್ದದ್ದನ್ನ ಸರಿಸ್ರಿ." ಬ್ಯಾಟರಿಗಳು ಎಂಜಿನ್ನಿನ ಬುಡಕ್ಕೇ ಹೋದವು; ಖಾಲಿ ಟ್ಯಾಂಕಿನಲ್ಲೂ ಬಾಲ ಮಟ್ಟಕ್ಕೆ ಬಂತು.

ಗದ್ವಾಲದ ಬಯಲಿನಲ್ಲಿ ಹಾರಿಸಿದೆವು. ಪಲ್ಟಿ, ಮಗುಚಾಟ ಎಲ್ಲ ಮುಗಿಸಿ, ಟ್ಯಾಂಕಿನಲ್ಲಿ ಕೊನೆಯ ಗುಟುಕು ಇರುವಾಗ ವಿಮಾನ ಬೆಣ್ಣೆಯಂತೆ ಇಳಿಯಿತು. ನೋಡುತ್ತಿದ್ದ ಗೆಳೆಯನೊಬ್ಬ, ತೂಕ ಹೊಂದಿಸಿದವರು ಯಾರೆಂದು ತೆಲುಗಿನಲ್ಲಿ ಕೇಳಿದ.

"ನೇನೇ," ಎಂದೆ. ನಾನೇ.

ಪತ್ತಾರರು ಪಕ್ಕದಲ್ಲೇ ಇದ್ದರು. "ಸರ್ ಲೆಕ್ಕ ಪಕ್ಕಾ ಇರತೈತ್ರಿ," ಎಂದು ಚಪ್ಪಾಳೆಯನ್ನೂ ತಟ್ಟಿದರು. ವಾಪಸು ಬರುವ ದಾರಿಯಲ್ಲಿ ಸತ್ಯ ಒಪ್ಪಿಕೊಳ್ಳಬಹುದಿತ್ತು. ಮೇಷ್ಟ್ರಲ್ಲವೇ, ಬಾಯಿ ಬರಲಿಲ್ಲ. ಆಮೇಲೆಯೂ ಬರಲಿಲ್ಲ.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿಯ ಮುಂದೆ ಎಲ್ಲ ಹೇಳಿಬಿಟ್ಟೆ: ವಿಮಾನ ಉಳಿದದ್ದು ಅವರಿಂದ, ನಾನು ಸುಳ್ಳು ಹೇಳಿದೆ ಎಂದು.

ಆಕೆ ನನ್ನನ್ನೇ ನೋಡಿದರು. "ಹೌದೇನ್ರಿ? ಅವರು ನನಗ ಹಂಗ ಹೇಳೇ ಇಲ್ಲ. ಸರ್ ಭಾಳ ಚಂದ ತೂಕ ಹೊಂದಿಸ್ಯಾರ ಅಂತ ಊಟಕ್ಕ ಕುಂತಾಗ ಎರಡು ಸರ್ತಿ ಹೇಳಿದ್ರು."